ಒಂದು ತಿಂಗಳು ಮನೆಗೆ ಹೋಗಿ ಬರ್ತೀನಿ ಅಂತ ಹೇಳಿ ನೋಡು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಕೆಲಸ ಬಿಟ್ಟು ಗುರುಗಳ ಜೊತೆಗೇ ಇದ್ದುಬಿಡುತ್ತೇನೆ ಅಂತ ಬರೆದಿದ್ದೀಯ. ದೇವರನ್ನು ಹುಡುಕಬೇಡ ಅಂತ ನಾನು ಹೇಳುವುದಿಲ್ಲ. ನಿನ್ನ ಹಂಬಲ ನಿಜವಾದದ್ದು, ನನಗೆ ಗೊತ್ತು. ನನಗೆ ಭಯ ಹುಟ್ಟಿಸಿದ್ದು ಬೇರೆ ಮಾತು. ಅಲ್ಲಿ ಪ್ರಶ್ನೆ ಕೇಳಿದರೆ 'ನಿನ್ನ ಅಹಂಕಾರ ಇನ್ನೂ ಹೋಗಿಲ್ಲ' ಅನ್ನುತ್ತಾರಂತಲ್ಲ, ಅದು.

ಓದಿದವರು ಇಂಥದ್ದಕ್ಕೆ ಸಿಕ್ಕಿಬೀಳುವುದಿಲ್ಲ ಅಂತ ನೀನು ನಂಬಿದ್ದೀಯ. ಹಾಗಿಲ್ಲ ಕಣೋ. ಜಪಾನಿನ ಓಂ ಶಿನ್ರಿಕ್ಯೊ ಪಂಥ 1984ರಲ್ಲಿ ಶುರುವಾದದ್ದು ಸಣ್ಣ ಯೋಗ ತರಗತಿಯಾಗಿ. ವಿಜ್ಞಾನ ಓದಿದವರು, ಹೃದಯದ ಆಪರೇಷನ್ ಮಾಡುತ್ತಿದ್ದ ಡಾಕ್ಟರು ಕೂಡ ಅಲ್ಲಿ ಸೇರಿದರು. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಸಾರಿನ್ ವಿಷ ಹರಡಿದ ಐವರಲ್ಲಿ ಆ ಡಾಕ್ಟರೂ ಒಬ್ಬರು. ಜೀವ ಉಳಿಸುವುದನ್ನೇ ಕಲಿತಿದ್ದ ಮನುಷ್ಯ!

ಅಮೆರಿಕದ ಧರ್ಮಬೋಧಕ ಜಿಮ್ ಜೋನ್ಸ್ ಕೂಡ ಮೊದಲಿಗೆ ಬಡವರಿಗೆ ಊಟ ಹಾಕಿ, ಕರಿಯರು ಬಿಳಿಯರನ್ನು ಒಟ್ಟಿಗೆ ಕೂರಿಸಿ ಒಳ್ಳೆಯ ಹೆಸರು ತಗೊಂಡವನೇ. ಆಮೇಲೆ ನೂರಾರು ಅನುಯಾಯಿಗಳನ್ನು ದಕ್ಷಿಣ ಅಮೆರಿಕದ ಗಯಾನಾ ದೇಶದ ಕಾಡಿಗೆ ಕರೆದೊಯ್ದ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರು, ಮನೆಗೆ ಬರೆದ ಪತ್ರಗಳನ್ನು ಓದಿಯೇ ಕಳಿಸುತ್ತಿದ್ದರು. 1978ರ ನವೆಂಬರ್ 18ರಂದು ಕೆಲವರು ಧೈರ್ಯ ಮಾಡಿ, ಅವರನ್ನು ನೋಡಲು ಬಂದಿದ್ದ ಅಮೆರಿಕದ ಸಂಸದ ಲಿಯೋ ರಯಾನ್ ಜೊತೆ ಹೊರಟರು. ಜೋನ್ಸ್ ಕಡೆಯವರು ರಯಾನ್‌ರನ್ನು ವಿಮಾನದ ಹತ್ತಿರವೇ ಗುಂಡಿಟ್ಟು ಕೊಂದರು. ಅದೇ ದಿನ ಜೋನ್ಸ್ ಹೇಳಿ ಕೊಡಿಸಿದ ವಿಷದಿಂದ 900ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು 300 ಮಕ್ಕಳು. ಆ ಮಕ್ಕಳು ಯಾವ ಮೋಕ್ಷ ಕೇಳಿದ್ದರು, ಹೇಳು?

ಎಲ್ಲ ಆಶ್ರಮವೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಆದರೆ ದಾರಿ ತಪ್ಪುವುದು ಸಣ್ಣ ಸಣ್ಣ ವಿಷಯಗಳಲ್ಲೇ. ಮೊದಲು ನಿದ್ದೆ ಕಡಿಮೆ ಮಾಡಿಸುತ್ತಾರೆ, ಆಮೇಲೆ ಊಟ. ಆಮೇಲೆ ಅಪ್ಪ ಅಮ್ಮ 'ಬಂಧನ' ಆಗುತ್ತಾರೆ. ದಿನಗಟ್ಟಲೆ ಸರಿಯಾಗಿ ನಿದ್ದೆ ಇಲ್ಲದವರಿಗೆ ಬೆಳಕು ಕಾಣುವುದು, ದನಿ ಕೇಳಿಸುವುದು ಹೊಸದೇನಲ್ಲ. ಪಕ್ಕದಲ್ಲಿ ಕೂತು 'ಇದೇ ಅನುಭೂತಿ' ಅನ್ನುವವರೊಬ್ಬರು ಇದ್ದರೆ ಸಾಕು, ನಂಬಿಬಿಡುತ್ತೇವೆ. ನಾಲ್ಕೇ ಗಂಟೆ ಮಲಗುತ್ತೇನೆ ಅಂತ ನೀನು ಖುಷಿಯಿಂದ ಬರೆದಿದ್ದೀಯ. ನನಗೆ ಖುಷಿಯಾಗಲಿಲ್ಲ.

ಒಂದು ಕೆಲಸ ಮಾಡು. 'ಒಂದು ತಿಂಗಳು ಮನೆಗೆ ಹೋಗಿ ಬರ್ತೀನಿ' ಅಂತ ಅವರಿಗೆ ಹೇಳು. ಸಂತೋಷವಾಗಿ ಕಳಿಸಿದರೆ ನನ್ನ ಅರ್ಧ ಭಯ ಹೋಗುತ್ತದೆ. ಹೋದರೆ ನಿನಗೆ ಕೆಡುಕಾಗುತ್ತದೆ ಅಂತ ಹೆದರಿಸಿದರೆ, ಅವತ್ತೇ ಹೊರಡು. ಅಲ್ಲಿಯವರೆಗೆ ಹಣ, ಆಸ್ತಿಯ ಯಾವ ಕಾಗದಕ್ಕೂ ಸಹಿ ಹಾಕಬೇಡ. ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು, ನಾನೇ ಬಂದು ಕರಕೊಂಡು ಬರುತ್ತೇನೆ.

ನಿನ್ನ ಗೆಳೆಯ