ನಾವೂ ವಾರಕ್ಕೆ ಎಪ್ಪತ್ತು ಗಂಟೆ ದುಡಿಯಲಿಲ್ಲ

ಮಾನ್ಯ ಸಂಪಾದಕರೇ,

ಇಂದಿನ ಯುವಜನರು ಮೈಬಗ್ಗಿಸಿ ದುಡಿಯುವುದಿಲ್ಲ, ಸಂಜೆಯಾದರೆ ಹೋಟೆಲು, ಶನಿವಾರ ಬಂದರೆ ರೆಸಾರ್ಟು ಎಂದು ಹಳಿಯುವ ಪತ್ರಗಳು ನಿಮ್ಮ ಓದುಗರ ವಿಭಾಗದಲ್ಲಿ ಆಗಾಗ ಪ್ರಕಟವಾಗುತ್ತಿವೆ. ಬರೆದವರಲ್ಲಿ ಹೆಚ್ಚಿನವರು ನನ್ನ ಓರಗೆಯವರು ಎಂಬುದು ಧಾಟಿಯಿಂದಲೇ ತಿಳಿಯುತ್ತದೆ. “ನಮ್ಮ ಕಾಲದಲ್ಲಿ” ಎಂಬ ಮಾತು ಎರಡನೆಯ ಸಾಲಿನೊಳಗೆ ಬಂದೇ ಬರುತ್ತದೆ. ನಾನು 1953ರಲ್ಲಿ ಹುಟ್ಟಿದವನು. ಬೆಂಗಳೂರಿನ ಒಂದು ಸಾರ್ವಜನಿಕ ವಲಯದ ಕಾರ್ಖಾನೆಗೆ 1975ರಲ್ಲಿ ಟರ್ನರ್ (ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸಗಾರ) ಆಗಿ ಸೇರಿ, 36 ವರ್ಷ ಅಲ್ಲಿಯೇ ಇದ್ದು, ಫೋರ್‌ಮನ್ ಆಗಿ ನಿವೃತ್ತನಾದವನು. ಆ ಕಾಲವನ್ನು ಒಳಗಿನಿಂದ ಕಂಡ ನನಗೆ ಈ ಪತ್ರಗಳನ್ನು ಓದುವಾಗ ತುಸು ನಾಚಿಕೆಯೇ ಆಗುತ್ತದೆ. ನಾವು ಅಷ್ಟು ದುಡಿಯಲಿಲ್ಲ, ಸ್ವಾಮಿ.

ಈ ಚರ್ಚೆ ಜೋರಾದದ್ದು 2023ರ ಅಕ್ಟೋಬರಿನಲ್ಲಿ, ಇನ್ಫೊಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿಯವರು ಭಾರತದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು, ಎರಡನೆಯ ಮಹಾಯುದ್ಧದ ನಂತರದ ಜರ್ಮನರು ಮತ್ತು ಜಪಾನೀಯರನ್ನು ಉದಾಹರಿಸಿ ಹೇಳಿದಾಗ. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರು ಅದನ್ನು 90ಕ್ಕೆ ಏರಿಸಿ, ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದು ಕೇಳಿದ ಮೇಲಂತೂ ನಮ್ಮ ಉದ್ಯಾನದ ಕಲ್ಲುಬೆಂಚಿನ ಮೇಲೆ ಬೇರೆ ವಿಷಯವೇ ಇರಲಿಲ್ಲ. ನಾರಾಯಣಮೂರ್ತಿಯವರು ತಾವು ಅದಕ್ಕಿಂತ ಹೆಚ್ಚು ಹೊತ್ತು ದುಡಿದವರೆಂದು ಹೇಳಿಕೊಂಡಿದ್ದಾರೆ, ಅದನ್ನು ನಾನು ನಂಬುತ್ತೇನೆ. ಆದರೆ ಸ್ವಂತ ಸಂಸ್ಥೆಯನ್ನು ಕಟ್ಟುವವನ ಹದಿನಾಲ್ಕು ಗಂಟೆಯೂ ಸಂಬಳಗಾರನ ಹದಿನಾಲ್ಕು ಗಂಟೆಯೂ ಒಂದೇ ಅಲ್ಲ. ನನ್ನ ತಕರಾರು ಅವರ ಮೇಲೂ ಅಲ್ಲ. ಅವರ ಮಾತನ್ನು ಹಿಡಿದು, ತಾವೂ ಹಾಗೆಯೇ ದುಡಿದಿದ್ದೆವೆಂದು ಮಕ್ಕಳ ಮುಂದೆ ಹೇಳಿಕೊಳ್ಳುವ ನನ್ನಂಥ ಸಂಬಳಗಾರರ ಮೇಲೆ.

ಮೊದಲ ಪಾಳಿಗೆ ಬೆಳಿಗ್ಗೆ ಏಳಕ್ಕೆ ಸೈರನ್ ಆಗುತ್ತಿತ್ತು. ಕಾರ್ಖಾನೆಯ ಬಸ್ಸು ಆರು ಹತ್ತಕ್ಕೆ ಬೀದಿಯ ಕೊನೆಗೆ ಬರುತ್ತಿತ್ತು. ಒಂಬತ್ತಕ್ಕೆ ಚಹಾ, ಹನ್ನೊಂದೂವರೆಗೆ ಕ್ಯಾಂಟೀನಿನಲ್ಲಿ ಚಿಲ್ಲರೆ ಕಾಸಿಗೆ ಅನ್ನ, ಸಾರು, ಪಲ್ಯ, ಮಜ್ಜಿಗೆ. ಮೂರೂವರೆಗೆ ಮತ್ತೆ ಸೈರನ್ ಆದರೆ, ಲೇತ್‌ನ ಮೇಲೆ ಅರ್ಧ ತಿರುಗಿದ ಶಾಫ್ಟ್ ಇದ್ದರೂ ಅದನ್ನು ಎರಡನೆಯ ಪಾಳಿಯವನಿಗೆ ಬಿಟ್ಟು, ಕೈಗೆ ಮರದ ಹೊಟ್ಟು ಮತ್ತು ಸೋಪು ಹಚ್ಚಿ ಎಣ್ಣೆಯ ಜಿಡ್ಡು ತೊಳೆದು, ಕಾರ್ಡ್ ಪಂಚ್ ಮಾಡಿ ಹೊರಡುತ್ತಿದ್ದೆವು. ಊಟದ ಅರ್ಧ ಗಂಟೆ ಕಳೆದರೆ ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು. ಇದು ಯಜಮಾನರ ಔದಾರ್ಯವಾಗಿರಲಿಲ್ಲ, 1948ರ ಕಾರ್ಖಾನೆಗಳ ಕಾಯ್ದೆ ಹಾಕಿದ್ದ ಮಿತಿಯಾಗಿತ್ತು; ಕ್ಯಾಂಟೀನ್ ಇರಬೇಕೆಂದು ಹೇಳಿದ್ದೂ ಅದೇ ಕಾಯ್ದೆ. ಮಿತಿ ಮೀರಿ ದುಡಿಸಿಕೊಂಡರೆ ದುಪ್ಪಟ್ಟು ಕೂಲಿ. 1986ರ ಮಾರ್ಚಿನ ನನ್ನ ಸಂಬಳದ ಚೀಟಿ ಈಗಲೂ ಟ್ರಂಕಿನಲ್ಲಿದೆ, ಅದರಲ್ಲಿ “ಓಟಿ (ಹೆಚ್ಚುವರಿ ದುಡಿಮೆ): 11 ಗಂಟೆ” ಎಂದು ಬರೆದು, ಎದುರಿಗೆ ದುಪ್ಪಟ್ಟು ದರದ ಮೊತ್ತ ಕಾಣಿಸಿದ್ದಾರೆ. ಹಣಕಾಸು ವರ್ಷದ ಕೊನೆಯ ತಿಂಗಳಲ್ಲಿ ಉತ್ಪಾದನೆಯ ಗುರಿ ಮುಟ್ಟಿಸುವ ಧಾವಂತವಿರುತ್ತಿತ್ತು. ಅಂಥ ತಿಂಗಳಲ್ಲೂ ಹೆಚ್ಚಾದದ್ದು ಹನ್ನೊಂದು ಗಂಟೆ ಮಾತ್ರ. ಕಾರ್ಡ್ ಪಂಚ್ ಮಾಡಿ ಸ್ಟೋರ್ಸಿನ ಹಿಂದೆ ಇಸ್ಪೀಟು ಆಡಲು ಹೋಗುತ್ತಿದ್ದವರ ವಿಷಯವನ್ನು ನಾನು ಇಲ್ಲಿ ಎತ್ತುವುದಿಲ್ಲ. ಅವರಲ್ಲಿ ಒಬ್ಬಿಬ್ಬರು ಈಗ ಯುವಕರಿಗೆ ಶಿಸ್ತಿನ ಪಾಠ ಹೇಳುವ ವಾಟ್ಸ್‌ಆ್ಯಪ್ ಸಂದೇಶಗಳನ್ನು ನನಗೆ ದಿನವೂ ಕಳುಹಿಸುತ್ತಾರೆ.

ಆ ಮೂರೂವರೆಯ ಸೈರನ್ನಿನಿಂದ ಏನೇನು ಹುಟ್ಟಿತು ಎಂಬುದನ್ನು ನಾವು ಮರೆತಿದ್ದೇವೆ. ಕಾರ್ಖಾನೆಗಳ ಕನ್ನಡ ಸಂಘಗಳು, ರಾಜ್ಯೋತ್ಸವದ ನಾಟಕಗಳು, ಸಂಜೆ ಕಾಲೇಜಿನ ಬಿ.ಎ. ಪದವಿಗಳು, ವಾಲಿಬಾಲ್ ತಂಡಗಳು ಎಲ್ಲವೂ ಆ ಸಂಜೆಗಳಲ್ಲಿಯೇ ಬೆಳೆದವು. 1982ರಲ್ಲಿ ಗೋಕಾಕ ಚಳವಳಿ ನಡೆದಾಗ ನಾವು ಗೆಳೆಯರು ಪಾಳಿ ಮುಗಿಸಿ, ಖಾಕಿ ಅಂಗಿಯಲ್ಲಿಯೇ ಬಸ್ಸಿಳಿದು ಮೆರವಣಿಗೆ ಸೇರಿಕೊಳ್ಳುತ್ತಿದ್ದೆವು. ರಾತ್ರಿ ಹತ್ತಕ್ಕೆ ಮನೆ ಸೇರುವವನು ಯಾವ ಮೆರವಣಿಗೆಗೆ ಹೋದಾನು? ಇಂದಿನ ಹುಡುಗರಿಗೆ ಭಾಷಾಭಿಮಾನವಿಲ್ಲ, ಸಭೆ ಸಮಾರಂಭಗಳಿಗೆ ಬರುವುದಿಲ್ಲ ಎಂದು ದೂರುವವರು ಈ ಲೆಕ್ಕವನ್ನೂ ನೋಡಬೇಕು.

ಇನ್ನೊಂದು ಲೆಕ್ಕವನ್ನು ನಾನೇ ತಡವಾಗಿ ಕಲಿತೆ. ನನ್ನ ನಲವತ್ತೆಂಟು ಗಂಟೆ ಸುಸೂತ್ರವಾಗಿ ನಡೆಯಲು ಮನೆಯಲ್ಲಿ ಒಂದು ಜೀವ ನಸುಕಿನ ನಾಲ್ಕೂವರೆಗೆ ಎದ್ದು ಕೊಳಾಯಿಯ ಮುಂದೆ ಕೊಡ ಇಡಬೇಕಾಗಿತ್ತು, ಪಂಪ್ ಸ್ಟೌ ಹಚ್ಚಿ ಡಬ್ಬಿಗೆ ಚಿತ್ರಾನ್ನ ತುಂಬಬೇಕಾಗಿತ್ತು, ಸೀಮೆಎಣ್ಣೆಗೆ, ರೇಷನ್ ಸಕ್ಕರೆಗೆ, ಮಗನ ಶಾಲೆಯ ಶುಲ್ಕಕ್ಕೆ ಸಾಲಿನಲ್ಲಿ ನಿಲ್ಲಬೇಕಾಗಿತ್ತು, ನನ್ನ ತಾಯಿಯ ಕಾಲಿಗೆ ಎಣ್ಣೆ ತಿಕ್ಕಬೇಕಾಗಿತ್ತು. ನನ್ನ ಹೆಂಡತಿಯ ಓಟಿಯನ್ನು ಯಾವ ಚೀಟಿಯಲ್ಲೂ ಬರೆದಿಲ್ಲ. ಆದರೆ ಒಂದು ಸಂಸಾರವಾಗಿ ನಾವು ಹೊರಗಿನವರಿಗೆ ಮಾರುತ್ತಿದ್ದ ದುಡಿಮೆ ವಾರಕ್ಕೆ ನಲವತ್ತೆಂಟು ಗಂಟೆ ಮಾತ್ರ; ಅಷ್ಟರಲ್ಲಿ ಮನೆ ನಡೆಯಿತು, ನಿವೇಶನ ಬಂತು, ಮಗ ಎಂಜಿನಿಯರ್ ಆದ. ಇಂದು ಮಗನೂ ಸೊಸೆಯೂ ದುಡಿಯುತ್ತಾರೆ. ಇಬ್ಬರದನ್ನೂ ಕೂಡಿಸಿದರೆ, ಹೊರವರ್ತುಲ ರಸ್ತೆಯಲ್ಲಿ ಕಳೆಯುವ ಹೊತ್ತನ್ನು ಬಿಟ್ಟೇ, ವಾರಕ್ಕೆ ನೂರು ಗಂಟೆ ದಾಟುತ್ತದೆ. ಕಳೆದ ತಿಂಗಳು ಒಂದು ರಾತ್ರಿ ಹತ್ತು ಮುಕ್ಕಾಲಿಗೆ ನೀರು ಕುಡಿಯಲು ಎದ್ದು ಬಂದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಮಗ ಆರು ವರ್ಷದ ಕೂಸನ್ನು ಹೆಗಲಿಗೆ ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ನಿಂತೇ ಯಾರಿಗೋ ಉತ್ತರ ಕೊಡುತ್ತಿದ್ದ; ಅಮೆರಿಕದಲ್ಲಿ ಆಗ ಮಧ್ಯಾಹ್ನ. ಸೊಸೆ ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ಒರಗಿಸಿ, ಬೇರೊಂದು ಮೀಟಿಂಗ್ ಕೇಳುತ್ತಲೇ ಮಾರನೆಯ ದಿನಕ್ಕೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ನನ್ನನ್ನು ನೋಡಿ, “ಮ್ಯೂಟ್‌ನಲ್ಲಿದ್ದೀನಿ ಮಾವ, ಹಾಲು ಬಿಸಿ ಮಾಡಿಕೊಡ್ಲಾ?” ಎಂದಳು. ಅದೇ ದಿನ ಬೆಳಿಗ್ಗೆ ನಾನು ಉದ್ಯಾನದಲ್ಲಿ, ಈಗಿನವರಿಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ ಎಂದು ನಗೆಯಾಡಿ ಬಂದಿದ್ದೆ.

ದುಂದುಗಾರಿಕೆಯ ಆರೋಪವೂ ಇಂಥದ್ದೇ. ನಾವು ಹಿತಮಿತವಾಗಿ ಬದುಕಿದ್ದರಿಂದ ಮನೆ ಕಟ್ಟಿದೆವು, ಇವರು ಕಾಫಿಗೆ ಮುನ್ನೂರು ರೂಪಾಯಿ ಸುರಿದು ಬಾಡಿಗೆ ಮನೆಯಲ್ಲಿದ್ದಾರೆ ಎಂಬ ಮಾತಿನಲ್ಲಿ ಅರ್ಧ ಸತ್ಯವೂ ಇಲ್ಲ. 1984ರಲ್ಲಿ ನೌಕರರ ಗೃಹ ನಿರ್ಮಾಣ ಸಹಕಾರ ಸಂಘದ ಮೂಲಕ ನನಗೆ 30x40 ಅಡಿಯ ನಿವೇಶನ ಸಿಕ್ಕಿತು. ಬೆಲೆ 17 ಸಾವಿರ ರೂಪಾಯಿ, ಅದೂ ಕಂತಿನಲ್ಲಿ. ನನ್ನ ಆಗಿನ ಹದಿನೈದು ತಿಂಗಳ ಸಂಬಳ. ಇಂದು ಅದೇ ಬಡಾವಣೆಯಲ್ಲಿ ಅದೇ ಅಳತೆಯ ಖಾಲಿ ನಿವೇಶನ ಕೊಳ್ಳಲು ನನ್ನ ಮಗ, ಊಟ ಬಟ್ಟೆ ಎಲ್ಲ ಬಿಟ್ಟು, ಏಳೆಂಟು ವರ್ಷದ ಸಂಬಳವನ್ನು ಒಟ್ಟುಗೂಡಿಸಬೇಕು. ಅದು ಆಗದ ಮಾತೆಂದು ಸರ್ಜಾಪುರ ರಸ್ತೆಯಲ್ಲಿ ಕಟ್ಟುತ್ತಿರುವ ಎರಡು ಕೋಣೆಯ ಫ್ಲ್ಯಾಟಿಗೆ 20 ವರ್ಷದ ಸಾಲ ಮಾಡಿದ್ದಾನೆ. ನಮ್ಮ ಉಳಿತಾಯಕ್ಕೆ ಬೆಂಬಲವಾಗಿ ಸರ್ಕಾರವೇ ನಿಂತಿತ್ತು. ತೊಂಬತ್ತರ ದಶಕದುದ್ದಕ್ಕೂ ಭವಿಷ್ಯನಿಧಿಗೆ ಶೇ 12ರ ಬಡ್ಡಿ ಇತ್ತು, ಈಗ ಅದು ಶೇ 8.25. ಸಾರ್ವಜನಿಕ ಭವಿಷ್ಯನಿಧಿ ಪಿಪಿಎಫ್‌ನ ಬಡ್ಡಿ ಶೇ 12ರಿಂದ 7.1ಕ್ಕೆ ಇಳಿದಿದೆ. 1988ರಲ್ಲಿ ಬಂದ ಕಿಸಾನ್ ವಿಕಾಸ ಪತ್ರದಲ್ಲಿ ಹಣ ಐದೂವರೆ ವರ್ಷಕ್ಕೆ ಇಮ್ಮಡಿಯಾಗುತ್ತಿತ್ತು, ಈಗ 115 ತಿಂಗಳು ಬೇಕು. ಆಗ ಬೆಲೆಯೇರಿಕೆಯೂ ಸಾಲದ ಬಡ್ಡಿಯೂ ಹೆಚ್ಚಿದ್ದವು ಎಂದು ನೆನಪಿಸುವವರು ಇರುತ್ತಾರೆ, ನಿಜ. ಆದರೂ ಅಂಚೆ ಕಚೇರಿಯ ಒಂದು ಪತ್ರ ಕೊಂಡು ಬೀರುವಿನಲ್ಲಿಟ್ಟು ಮರೆತವನಿಗೂ ಏನೋ ಒಂದು ಸಿಗುತ್ತಿತ್ತು, ಅದಕ್ಕೆ ಷೇರುಪೇಟೆಯ ಏರಿಳಿತ ನೋಡುತ್ತ ಕೂರಬೇಕಾಗಿರಲಿಲ್ಲ.

ಪಿಂಚಣಿಯ ವಿಷಯದಲ್ಲಿ ನಾನು ಅದೃಷ್ಟವಂತನಲ್ಲ. ನೌಕರರ ಪಿಂಚಣಿ ಯೋಜನೆಯಾದ ಇಪಿಎಸ್‌ನಿಂದ ನನಗೆ ತಿಂಗಳಿಗೆ ಬರುವುದು ಎರಡು ಸಾವಿರ ಚಿಲ್ಲರೆ. ಆದರೆ ಸರ್ಕಾರಿ ಸೇವೆಯಲ್ಲಿದ್ದ ನನ್ನ ಗೆಳೆಯರಿಗೆ ಕೊನೆಯ ಮೂಲವೇತನದ ಅರ್ಧ ಪಿಂಚಣಿಯೂ ಅದರ ಮೇಲೆ ತುಟ್ಟಿಭತ್ಯೆಯೂ ಸಿಗುತ್ತದೆ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರನ್ನು, ಖಚಿತ ಪಿಂಚಣಿಯ ಬದಲು ವಂತಿಗೆಯನ್ನು ಆಧರಿಸಿದ ಎನ್‌ಪಿಎಸ್‌ಗೆ ಸೇರಿಸಲಾಯಿತು. ಒಂದೇ ಶಾಲೆಯಲ್ಲಿ, ಒಂದೇ ಪಾಠವನ್ನು ಹೇಳಿದ ಇಬ್ಬರು ಮೇಷ್ಟ್ರುಗಳ ಮುಪ್ಪು ಬೇರೆಬೇರೆಯಾಗುವುದು ಅವರವರ ಮಿತವ್ಯಯದಿಂದಲ್ಲ, ನೇಮಕದ ದಿನಾಂಕದಿಂದ.

ಅಮೆರಿಕದವರು 1946ರಿಂದ 1964ರವರೆಗೆ ಹುಟ್ಟಿದವರನ್ನು ಬೇಬಿ ಬೂಮರ್ ಎನ್ನುತ್ತಾರೆ. ನನ್ನ ತಂಗಿಯ ಮೊಮ್ಮಗ ಒಮ್ಮೆ ನನಗೆ “ಓಕೆ ಬೂಮರ್” ಎಂದು ಹೇಳಿ ನಕ್ಕಾಗ ನಾನು ಇದನ್ನು ಓದಿ ತಿಳಿದುಕೊಂಡೆ. ಯುದ್ಧ ಮುಗಿಸಿ ಬಂದ ಸೈನಿಕರು ಸಂಸಾರ ಹೂಡಿ ಅಲ್ಲಿ ಹೆರಿಗೆಗಳು ಒಮ್ಮೆಲೇ ಹೆಚ್ಚಿದವಂತೆ. ನಮ್ಮಲ್ಲಿ ಮನೆಗೆ ಐದಾರು ಮಕ್ಕಳು ಯುದ್ಧಕ್ಕೆ ಮೊದಲೂ ಇದ್ದವು, ಆಮೇಲೂ ಇದ್ದವು. ಹೀಗಾಗಿ ಹೆಸರು ನಮಗೆ ಅಷ್ಟು ಹೊಂದುವುದಿಲ್ಲ. ಆ ಹುಡುಗ ಈ ವರ್ಷ ಒಂದು ಸಾಫ್ಟ್‌ವೇರ್ ಸಂಸ್ಥೆಗೆ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಗೆ ಸೇರಿದ್ದಾನೆ. ನನ್ನ ಮಗ 2009ರಲ್ಲಿ ಸೇರಿದಾಗ ಅವನಿಗೆ ಕೊಟ್ಟದ್ದು ಮೂರೂಕಾಲು ಲಕ್ಷ. ನಡುವಿನ ಈ ವರ್ಷಗಳಲ್ಲಿ ಬೆಂಗಳೂರಿನ ಒಂದು ಮಸಾಲೆ ದೋಸೆಯ ಬೆಲೆ ಎಷ್ಟಾಯಿತೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ. “ಮೂರು ವರ್ಷಕ್ಕೆ ಮೂರು ಕಂಪನಿ ಬದಲಿಸುತ್ತಾರೆ, ನಿಷ್ಠೆಯೇ ಇಲ್ಲ” ಎಂದು ನಾನೂ ಮಗನನ್ನು ಬೈದವನೇ. ಕಂಪನಿ ಬದಲಿಸದಿದ್ದರೆ ಸಂಬಳ ಏರುವುದಿಲ್ಲ, ಬದಲಿಸಿದರೂ ಯಾವ ಬೆಳಿಗ್ಗೆ ಕೆಲಸ ಹೋಗಿ ಲಾಗಿನ್ ಬಂದ್ ಆಗುತ್ತದೋ ತಿಳಿಯದು ಎಂದು ಅವನು ವಿವರಿಸಿದ ಮೇಲೆ ಬಾಯಿ ಮುಚ್ಚಿಕೊಂಡೆ. ನಾನು 36 ವರ್ಷ ಒಂದೇ ಕಡೆ ನಿಂತದ್ದು ನಿಷ್ಠೆಯಿಂದ ಮಾತ್ರವೇ? ಅಲ್ಲಿ ನನ್ನನ್ನು ತೆಗೆಯುವುದು ಸುಲಭವಾಗಿರಲಿಲ್ಲ, ಅಷ್ಟೇ.

ಹಾಗೆಂದು ನಮ್ಮ ಕಾಲ ಸುಖದ ಸುಪ್ಪತ್ತಿಗೆಯಾಗಿತ್ತು ಎಂದಲ್ಲ. ಫೋನಿಗೆ, ಸ್ಕೂಟರಿಗೆ, ಗ್ಯಾಸ್ ಸಂಪರ್ಕಕ್ಕೆ ವರ್ಷಗಟ್ಟಲೆ ಕಾದೆವು. ಆದರೆ ಆ ಕಷ್ಟಗಳನ್ನು ಮಕ್ಕಳ ಮುಂದೆ ವರ್ಣಿಸುವಷ್ಟು ಉತ್ಸಾಹದಿಂದ, ನಮಗೆ ಸಿಕ್ಕ ಸವಲತ್ತು ಎಲ್ಲಿಂದ ಬಂತು ಎಂಬುದನ್ನು ನಾವು ಹೇಳುವುದಿಲ್ಲ. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ವಲಯದ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಅದೇ ವಲಯದ ಇನ್ನೊಂದು ಸಂಸ್ಥೆಯಾದ ಬಿಎಚ್‌ಇಎಲ್‌ನವರಿಗೆ ಸಮನಾದ ವೇತನ ಕೇಳಿ ಮುಷ್ಕರ ಹೂಡಿದರು. ಅದು 77 ದಿನ ನಡೆಯಿತು. ಆ ಚಳಿಗಾಲದಲ್ಲಿ ನಾನೂ ಗೇಟಿನ ಹೊರಗೆ ಕುಳಿತಿದ್ದೆ. ತಿಂಗಳ ಕೊನೆಗೆ ಅಮ್ಮನ ಓಲೆ ಅಡವಿಟ್ಟೆ. ಕೇಳಿದ್ದೆಲ್ಲ ಸಿಗಲಿಲ್ಲ. ಆದರೆ ಮೂರೂವರೆಯ ಸೈರನ್ನನ್ನು ನಾಲ್ಕೂವರೆಗೆ ತಳ್ಳುವ ಧೈರ್ಯವೂ ಯಾರಿಗೂ ಬರಲಿಲ್ಲ.

ಈಗ ಆ ಸೈರನ್ನನ್ನೇ ಮುಂದೆ ತಳ್ಳಲಾಗುತ್ತಿದೆ. ವಾರಕ್ಕೆ 48 ಗಂಟೆಯ ಮಿತಿಯನ್ನು ಉಳಿಸಿಕೊಂಡು, ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ಕೊಡುವ ತಿದ್ದುಪಡಿಯನ್ನು ಕಾರ್ಖಾನೆಗಳ ಕಾಯ್ದೆಗೆ ನಮ್ಮ ರಾಜ್ಯ 2023ರಲ್ಲಿ ತಂದಿತು. 2024ರ ಜುಲೈನಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಸುದ್ದಿಯಾದಾಗ ಅದನ್ನು ಬೀದಿಗಿಳಿದು ವಿರೋಧಿಸಿದ್ದು ಕರ್ನಾಟಕ ರಾಜ್ಯ ಐಟಿ ನೌಕರರ ಸಂಘದ ಯುವಕರು. ಸೋಮಾರಿಗಳೆಂದು ನಾವು ಕರೆಯುವ ಅದೇ ಯುವಕರು. ಉದ್ಯಾನದ ಬೆಂಚಿನಲ್ಲಿ ಕುಳಿತ ಹಳೆಯ ಯೂನಿಯನ್ ಸದಸ್ಯರು, ನನ್ನನ್ನೂ ಸೇರಿಸಿ, ಒಬ್ಬರೂ ಅವರ ಜೊತೆ ಹೋಗಿ ನಿಲ್ಲಲಿಲ್ಲ.

ಕಾರ್ಮಿಕ ಇಲಾಖೆಗೆ ಈ ಪತ್ರದ ಮೂಲಕ ಒಂದು ಪ್ರಶ್ನೆ ಕೇಳಬಯಸುತ್ತೇನೆ. ನಮ್ಮನ್ನು ಕಾಪಾಡಿದ ಕಾಯ್ದೆಗಳಲ್ಲಿ 1946ರ ಕೈಗಾರಿಕಾ ಉದ್ಯೋಗ (ಸ್ಥಾಯಿ ಆದೇಶಗಳು) ಕಾಯ್ದೆಯೂ ಒಂದು; ಅಮೆರಿಕದ ಲೆಕ್ಕದಲ್ಲಿ ಬೂಮರ್‌ಗಳು ಹುಟ್ಟತೊಡಗಿದ ವರ್ಷವೇ ಅದೂ ಹುಟ್ಟಿತು. ಕೆಲಸದ ವೇಳೆ, ರಜೆ, ವಜಾ ಮಾಡುವ ಕ್ರಮ ಇವನ್ನೆಲ್ಲ ಬರಹದಲ್ಲಿ ತಿಳಿಸಬೇಕೆಂದು ಅದು ಹೇಳುತ್ತಿತ್ತು. ರಾಜ್ಯ ಸರ್ಕಾರವು ಐಟಿ ಸಂಸ್ಥೆಗಳಿಗೆ ಇದರಿಂದ ಕೊಟ್ಟಿದ್ದ ವಿನಾಯಿತಿಯನ್ನು 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಸಂಸ್ಥೆಯೊಳಗೆ ನೌಕರರ ಪ್ರತಿನಿಧಿಗಳೂ ಇರುವ ಕುಂದುಕೊರತೆ ಸಮಿತಿ ಇರಬೇಕು, ಅಮಾನತು ಮತ್ತು ವಜಾ ಪ್ರಕರಣಗಳನ್ನು ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳು ಅದರ ಜೊತೆಗಿದ್ದವು. ಎಷ್ಟು ಸಂಸ್ಥೆಗಳು ಅಂಥ ಸಮಿತಿ ರಚಿಸಿವೆ, ಎಷ್ಟು ವಜಾಗಳನ್ನು ವರದಿ ಮಾಡಿವೆ, ವರದಿ ಮಾಡದವರ ಮೇಲೆ ಏನು ಕ್ರಮವಾಗಿದೆ ಎಂಬ ಪಟ್ಟಿಯನ್ನು ಇಲಾಖೆ ಸಂಸ್ಥೆವಾರು ಪ್ರಕಟಿಸಲಿ. ಆ ಪಟ್ಟಿ ಬಂದ ದಿನ ಅದನ್ನು ನಮ್ಮ ಉದ್ಯಾನದ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುವ ಕೆಲಸ ನನ್ನದು.

ಇಂತಿ,
ಒಬ್ಬ ನಿವೃತ್ತ ಟರ್ನರ್
ವಿದ್ಯಾರಣ್ಯಪುರ, ಬೆಂಗಳೂರು