ಶನಿವಾರದ ಬಾರ್ಬೆಕ್ಯೂ: ಚಿಕನ್, ಹಣ್ಣು ತರುವವರು ಓದಿ

ಎಲ್ಲರಿಗೂ ನಮಸ್ಕಾರ. ಸಂಜೆ 5:30ಕ್ಕೆ ಟೆರೇಸಿನಲ್ಲಿ ಇದ್ದಿಲು ಹಚ್ಚುತ್ತೇವೆ. ಕೆಂಡವಾಗಿ ಮೇಲೆ ಬೂದಿ ಕೂರಲು ಅರ್ಧ ಗಂಟೆ ಬೇಕು. ಆರು ಗಂಟೆಗೆ ಬಂದರೂ ನಡೆಯುತ್ತದೆ.

ಚಿಕನ್ ತರುವವರು ಎಲುಬಿಲ್ಲದ ತೊಡೆ ಮಾಂಸ ತನ್ನಿ. ಎದೆ ಭಾಗ ಬೇಗ ಒಣಗಿಬಿಡುತ್ತದೆ. ಗಟ್ಟಿ ಮೊಸರು, ಶುಂಠಿ-ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನ ಪುಡಿ, ಉಪ್ಪು ಸವರಿ ಬೆಳಿಗ್ಗೆಯೇ ಫ್ರಿಜ್ಜಿನಲ್ಲಿಡಿ.

ಆದರೆ ಅದಕ್ಕೆ ಅನಾನಸ್ ಹಾಕಿಡಬೇಡಿ, ದಯವಿಟ್ಟು! ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಎಂಬ ಕಿಣ್ವ ಇರುತ್ತದೆ. ಅದು ಮಾಂಸದ ಪ್ರೋಟೀನನ್ನೇ ಒಡೆಯುತ್ತದೆ. ಗಂಟೆಗಟ್ಟಲೆ ಬಿಟ್ಟರೆ ಚಿಕನ್ ಮೆತ್ತಗೆ ಹಿಟ್ಟಿನಂತಾಗುತ್ತದೆ. ಹಣ್ಣನ್ನು ಅಲ್ಲೇ ಹೆಚ್ಚೋಣ. ಮಾವು ತರುವವರು ದೋರೆಗಾಯಿ ತನ್ನಿ. ಪೂರ್ತಿ ಹಣ್ಣಾಗಿದ್ದರೆ ಕಡ್ಡಿಯಿಂದ ಜಾರಿ ಕೆಂಡಕ್ಕೆ ಬೀಳುತ್ತದೆ.

ಹಣ್ಣಿಗೂ ಚಿಕನ್‌ಗೂ ಒಂದೇ ಕಡ್ಡಿ ಬೇಡ. ಫೋಟೋಗೆ ಚೆನ್ನಾಗಿ ಕಾಣುತ್ತೆ, ಅಷ್ಟೇ. ಹಣ್ಣಿಗೆ ನಾಲ್ಕೈದು ನಿಮಿಷ ಸಾಕು, ಚಿಕನ್‌ಗೆ ಅದರ ಎರಡು ಮೂರು ಪಟ್ಟು ಬೇಕು. ಸಸ್ಯಾಹಾರಿಗಳಿಗೆ ಹಣ್ಣು, ಪನೀರ್ ಸುಡಲು ಬೇರೆ ಒಲೆ, ಬೇರೆ ಇಕ್ಕಳ ಇರುತ್ತದೆ.

ಬಿದಿರು ಕಡ್ಡಿಗಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ ತನ್ನಿ, ಇಲ್ಲದಿದ್ದರೆ ತುದಿ ಉರಿಯುತ್ತದೆ. ಹಸಿ ಚಿಕನ್ ಇದ್ದ ಮಸಾಲೆಯನ್ನು ಬೆಂದ ತುಂಡಿಗೆ ಸವರಬೇಡಿ. ಮೇಲೆ ಕಪ್ಪಾದರೆ ಒಳಗೂ ಬೆಂದಿದೆ ಅಂತಲ್ಲ. ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಯಾರ ಮನೆಯಲ್ಲಾದರೂ ಅಡುಗೆ ಥರ್ಮಾಮೀಟರ್ ಇದ್ದರೆ ಇಲ್ಲೇ ತಿಳಿಸಿ.