ಇಂಧನ ಲೈನ್ ಕೆಲಸ ಇನ್ನು ಮುಂದೆ ಕಡ್ಡಾಯ: ಯಾಕೆ ಅಂತ ಒಂದು ಪತ್ರ

ಆತ್ಮೀಯ ಗ್ರಾಹಕರೇ,

ನೇರ ವಿಷಯಕ್ಕೇ ಬರುತ್ತೇನೆ. ಬಿಸಿಲಲ್ಲಿ ಹೋಸ್‌ನೊಳಗೇ ಪೆಟ್ರೋಲ್ ಆವಿಯಾಗಿ ಎಂಜಿನ್ ಕೆಮ್ಮುವ ತೊಂದರೆ ತಡೆಯಲು ಈ ನಿಯಮ. ಈ ಬೇಸಿಗೆಯಿಂದ, ಕಾರ್ಬೊರೇಟರ್ ಇರುವ, ಸಣ್ಣ ವಿಮಾನಗಳಿಗೆ ಬರುವ ರೋಟ್ಯಾಕ್ಸ್ 912 ಎಂಜಿನ್‌ನ ಯಾವ ವಿಮಾನ ವಾರ್ಷಿಕ ಸರ್ವೀಸ್‌ಗೆ ಬಂದರೂ, ಇಂಧನ ಲೈನ್ ಪೂರ್ತಿ ನೋಡದೆ ಲಾಗ್‌ಬುಕ್‌ಗೆ ನಮ್ಮ ಸಹಿ ಬೀಳುವುದಿಲ್ಲ. ರಿಟರ್ನ್ ಲೈನ್, ಅಂದರೆ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಹೋಗುವ ಸಣ್ಣ ಲೈನ್, ಇಲ್ಲದಿದ್ದರೆ ಹಾಕಬೇಕು. ಎಲೆಕ್ಟ್ರಿಕ್ ಪಂಪ್ ಎಂಜಿನ್ ಪಕ್ಕದಲ್ಲಿದ್ದರೆ ಟ್ಯಾಂಕ್ ಕಡೆಗೆ, ಕೆಳಗೆ ಸರಿಸಬೇಕು. ಎಕ್ಸಾಸ್ಟ್ ಹತ್ತಿರ ಹೋಗುವ ಹೋಸ್‌ಗೆ ಕಾವು ತಡೆಯುವ ತೋಳು (ಹೊದಿಕೆ) ಇರಬೇಕು. ಇಷ್ಟೂ ಆದ ಮೇಲೆ ಬಿಸಿ ಎಂಜಿನ್ ಪರೀಕ್ಷೆ. ಅದಕ್ಕೆ ಬಿಲ್ಲಿನಲ್ಲಿ ಬೇರೆಯೇ ಸಾಲು ಬರುತ್ತೆ.

ಕಿಟ್ ತಂದು ಸ್ವಂತ ಕೈಯಲ್ಲಿ ಜೋಡಿಸಿದವರಿಗೆ ಇದು ಜಾಸ್ತಿ ಬೇಜಾರು ಮಾಡಿದೆ ಅಂತ ಗೊತ್ತು. ನಿಮ್ಮ ವಿಮಾನದ ಒಂದೊಂದು ರಿವೆಟ್ಟೂ ನಿಮ್ಮದು. ಅದರಲ್ಲಿ ಇನ್ನೊಬ್ಬರು ಕೈ ಹಾಕಿ "ಇದು ಬದಲಾಯಿಸಿ" ಅಂದರೆ ಯಾರಿಗೆ ತಾನೇ ಖುಷಿ? ಮುಂಚೆ ಹೇಳದೆ, ಕೆಲಸಕ್ಕೆ ಬಿಟ್ಟ ಮೇಲೆ ಫೋನ್ ಮಾಡಿ ಹೇಳಿಸಿಕೊಂಡವರಿಗೆ ಆದ ತೊಂದರೆಗೆ ಕ್ಷಮೆ ಇರಲಿ. ಹೋಸ್ ಬರುವುದು ತಡವಾಗಿ ಎರಡು ವಾರ ಶೆಡ್‌ನಲ್ಲೇ ವಿಮಾನ ನಿಲ್ಲಿಸಿಕೊಂಡವರಿಗೂ ಅಷ್ಟೇ.

ಇನ್ನು ಹಣದ ಮಾತು. "ಮೂರು ಮೀಟರ್ ಪೈಪ್‌ಗೆ ಇಷ್ಟಾ?" ಅಂತ ಕೇಳದವರೇ ಇಲ್ಲ. ಪೈಪ್ ಅಂದರೆ ಆಟೋ ಅಂಗಡಿಯ ಕಪ್ಪು ರಬ್ಬರ್ ಅಲ್ಲ ಸ್ವಾಮಿ. ಎಥನಾಲ್ ಕುಡಿದು ಉಬ್ಬದ, ಒಳಗೆ ಟೆಫ್ಲಾನ್ ಪದರ ಇರುವ ಹೋಸ್ ಅದು. ಅದರ ಮೇಲೆ ಕಿತ್ತಳೆ ಬಣ್ಣದ ಸಿಲಿಕೋನ್ ತೋಳು. ತುದಿಗೆ ಫಿಟ್ಟಿಂಗ್, ಆ ಫಿಟ್ಟಿಂಗ್‌ಗೆ ತಾಮ್ರದ ವಾಷರ್. ವಾಷರ್ ಒಮ್ಮೆ ಬಿಚ್ಚಿದರೆ ಎಸೆಯಬೇಕು, ಮತ್ತೆ ಹಾಕುವ ಹಾಗಿಲ್ಲ. ಬಹುಪಾಲು ಸಾಮಾನು ಹೊರದೇಶದಿಂದಲೇ ಬರಬೇಕು. ಯೂರೋ ಏರಿದರೆ ನಮ್ಮ ಬಿಲ್ಲೂ ಏರುತ್ತೆ. ಕೊರಿಯರ್‌ನವರು, ಸುಂಕದವರು ತಗೊಂಡ ಮೇಲೆ ನಮಗೆ ಉಳಿಯುವುದು ಕೂಲಿ ಮಾತ್ರ. ಕೂಲಿಯನ್ನು ನಾವು ಏರಿಸಿಲ್ಲ. ಬಿಲ್ ತೆಗೆದು ನೋಡಿ, ಕೂಲಿ ಹೋದ ವರ್ಷದ್ದೇ ಇದೆ. ಸಾಮಾನಿನ ಖರೀದಿ ರಶೀದಿ ಬೇಕಾದವರಿಗೆ ತೋರಿಸುತ್ತೇವೆ, ಮುಚ್ಚುಮರೆ ಇಲ್ಲ. ಬೇರೆ ಕಡೆ ಅರ್ಧ ದುಡ್ಡಿಗೆ ಮಾಡಿಕೊಡುತ್ತಾರೆ ಅನ್ನುವವರು ಅಲ್ಲಿ ಯಾವ ಹೋಸ್ ಹಾಕುತ್ತಾರೆ ಅಂತ ಒಮ್ಮೆ ಕೇಳಿ ಬನ್ನಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಫೋನ್‌ನಲ್ಲಿ, ಶೆಡ್ ಬಾಗಿಲಲ್ಲಿ, ಒಬ್ಬರ ಮಗಳ ಮದುವೆ ಊಟದ ಪಂಕ್ತಿಯಲ್ಲೂ ಕೇಳಿಸಿಕೊಂಡಿದ್ದೇನೆ: "ನನ್ನ ಕಾರು ಇದೇ ಬಂಕಿನ ಪೆಟ್ರೋಲ್ ಕುಡಿದು ಏಪ್ರಿಲ್ ಬಿಸಿಲಲ್ಲಿ ಕಲಬುರಗಿ ತನಕ ಹೋಗಿ ಬರುತ್ತೆ. ನಿಮ್ಮ ಎಂಜಿನ್ ಮಾತ್ರ ಯಾಕೆ ಕೆಮ್ಮುತ್ತೆ? ಕಾರ್ಬೊರೇಟರ್ ಟ್ಯೂನಿಂಗ್ ಸರಿ ಇಲ್ಲ ಅಂತ ಒಪ್ಪಿಕೊಳ್ಳಬಾರದಾ?"

ಒಳ್ಳೆ ಪ್ರಶ್ನೆ. ಸ್ವಲ್ಪ ಉದ್ದದ ಉತ್ತರ ಕೊಡುತ್ತೇನೆ.

ಪೆಟ್ರೋಲಿಗೆ ನೀರಿನ ಹಾಗೆ ಒಂದೇ ಕುದಿಯುವ ಬಿಂದು ಇಲ್ಲ. ಹತ್ತಾರು ಬಗೆಯ ಅಂಶಗಳ ಮಿಶ್ರಣ ಅದು. ಅದರ ಹಗುರ ಭಾಗ 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗಲು ಶುರು ಮಾಡುತ್ತೆ. ಒತ್ತಡದಲ್ಲಿ ಇಟ್ಟರೆ ತಡೆದುಕೊಳ್ಳುತ್ತೆ. ಹೀರಿ ಎಳೆದರೆ ಇನ್ನೂ ಬೇಗ ಕುದಿಯುತ್ತೆ. ಎಲ್ಲಾ ಇರುವುದು ಇಲ್ಲೇ. ನಿಮ್ಮ ಕಾರಿನ ಪಂಪ್ ಟ್ಯಾಂಕಿನ ಒಳಗೆ, ಪೆಟ್ರೋಲ್‌ನಲ್ಲೇ ಮುಳುಗಿ ಕೂತಿದೆ. ಅದು ಎಂಜಿನ್ ಕಡೆಗೆ ತಳ್ಳುತ್ತೆ, 3 ಬಾರ್ ಅಥವಾ ಅದಕ್ಕಿಂತ ಜಾಸ್ತಿ ಒತ್ತಡದಲ್ಲಿ. ದಾರಿಯುದ್ದಕ್ಕೂ ಒತ್ತಡ ಇರುವಾಗ ಬಾನೆಟ್ ಒಳಗೆ ಎಷ್ಟೇ ಕಾವಿದ್ದರೂ ಗುಳ್ಳೆ ಏಳುವುದು ಕಷ್ಟ. ನಮ್ಮ 912ರ ಮೆಕ್ಯಾನಿಕಲ್ ಪಂಪ್ ಗೇರ್‌ಬಾಕ್ಸ್‌ಗೇ ಅಂಟಿಕೊಂಡಿದೆ, ಅಂದರೆ ಒಲೆಯ ಮೇಲೇ. ಅದು ಟ್ಯಾಂಕಿನಿಂದ ಹೀರಬೇಕು. ಕಾರ್ಬೊರೇಟರ್‌ಗೆ ಕೊಡುವ ಒತ್ತಡವೂ 0.15ರಿಂದ 0.4 ಬಾರ್, ಹೊಸ ಪಂಪಿನಲ್ಲಿ 0.5 ಬಾರ್ ತನಕ ಅಷ್ಟೇ. ಕಾರಿನದ್ದರ ಆರನೇ ಒಂದು ಪಾಲು ದಾಟುವುದಿಲ್ಲ. ಪಂಪಿಗೆ ಬರುವ ಮೊದಲೇ ಹೋಸ್‌ನಲ್ಲಿ ಗುಳ್ಳೆ ಎದ್ದರೆ ಪಂಪ್ ಆವಿಯನ್ನೇ ಹಿಂಡುತ್ತಾ ಕೂರುತ್ತೆ, ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಇದೇ ವೇಪರ್ ಲಾಕ್.

ಹೋಲಿಸಲೇಬೇಕು ಅಂದರೆ ಈಗಿನ ಕಾರಿಗಲ್ಲ, ಹಳೇ ಅಂಬಾಸಿಡರ್‌ಗೆ ಹೋಲಿಸಿ. ಘಾಟಿ ಹತ್ತುವಾಗ ಮಧ್ಯದಲ್ಲಿ ನಿಂತುಬಿಟ್ಟರೆ ಡ್ರೈವರ್ ಬಾನೆಟ್ ಎತ್ತಿ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಬೀಡಿ ಹಚ್ಚುತ್ತಿದ್ದ, ನೆನಪಿದೆ ಅಲ್ವಾ? ಅಲ್ಲಿ ಬೀಡಿ ಮುಗಿಯುವ ತನಕ ಕಾಯಬಹುದಿತ್ತು. 200 ಅಡಿ ಮೇಲೆ ಆ ಸೌಕರ್ಯ ಇಲ್ಲ.

ಟ್ಯೂನಿಂಗ್ ತಪ್ಪಿದ್ದರೆ ತಣ್ಣಗಿರುವಾಗಲೂ ತೊಂದರೆ ಕಾಣಬೇಕು. ನಿಮ್ಮಲ್ಲಿ ಹೆಚ್ಚಿನವರು ಹೇಳಿದ ಕಥೆ ಹಾಗಿಲ್ಲ. ಬೆಳಿಗ್ಗೆ ಏಳಕ್ಕೆ ಹಾರಿದ್ದು ಚೆನ್ನಾಗಿಯೇ ಇತ್ತು. ಇಳಿದು, ಎಂಜಿನ್ ಆಫ್ ಮಾಡಿ, ಕಾಫಿ ಕುಡಿದು, ಗೆಳೆಯನನ್ನು ಕೂರಿಸಿಕೊಂಡು ಹನ್ನೊಂದಕ್ಕೆ ಮತ್ತೆ ಹೊರಟಾಗ ಇಂಧನದ ಪ್ರೆಷರ್ ಗೇಜಿನ ಮುಳ್ಳು ನಡುಗಿತು, ಎಂಜಿನ್ ಒರಟಾಯಿತು. ಎಂಜಿನ್ ಆಫ್ ಮಾಡಿದ ಮೇಲೆ ನೀರು, ಗಾಳಿ ಎರಡೂ ಓಡಾಡುವುದು ನಿಲ್ಲುತ್ತೆ. ಸಿಲಿಂಡರ್ ಹೆಡ್ಡಿನ, ಎಕ್ಸಾಸ್ಟಿನ ಕಾವು ಕೌಲಿಂಗ್ (ಎಂಜಿನ್ ಮುಚ್ಚುವ ಕವಚ) ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಹಾಗಾಗಿ ಆಫ್ ಮಾಡಿದ ಮೊದಲ ಹದಿನೈದು ಇಪ್ಪತ್ತು ನಿಮಿಷ ಪಂಪ್ ಇನ್ನೂ ಬಿಸಿ ಆಗುತ್ತಾ ಹೋಗುತ್ತೆ. ಸರಿಯಾಗಿ ನಿಮ್ಮ ಕಾಫಿಯ ಹೊತ್ತು. ಮತ್ತೆ ಸ್ಟಾರ್ಟ್ ಮಾಡಿ ನಿಧಾನಕ್ಕೆ ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ಓಡಿಸುವಾಗ) ಎಂಜಿನ್ ಕುಡಿಯುವುದು ಕಮ್ಮಿ, ಹಾಗಾಗಿ ಪೆಟ್ರೋಲ್ ಬಿಸಿ ಹೋಸ್‌ನಲ್ಲೇ ಕಾಯುತ್ತಾ ನಿಂತಿರುತ್ತೆ. ಆಮೇಲೆ ಫುಲ್ ಥ್ರಾಟಲ್ ಕೊಟ್ಟಾಗ ಪಂಪ್ ಜೋರಾಗಿ ಹೀರುತ್ತೆ, ಗುಳ್ಳೆ ಏಳುವುದು ಆಗಲೇ.

ಇದರ ದೊಡ್ಡ ತಲೆನೋವು ಅಂದರೆ ಸಾಕ್ಷಿ ಉಳಿಯುವುದಿಲ್ಲ. ಸಂಜೆ ನಮ್ಮ ಹತ್ತಿರ ತರುವ ಹೊತ್ತಿಗೆ ಎಲ್ಲಾ ತಣ್ಣಗಾಗಿ ಎಂಜಿನ್ ಗಡಿಯಾರದ ಹಾಗೆ ಓಡುತ್ತಿರುತ್ತೆ. ಕೊನೆಗೆ ಒಬ್ಬರು ಪಂಪ್ ಬದಲಿಸುತ್ತಾರೆ, ಇನ್ನೊಬ್ಬರು ಪ್ಲಗ್ ಬದಲಿಸುತ್ತಾರೆ, ಮತ್ತೊಬ್ಬರು ಕಾರ್ಬೊರೇಟರ್ ಒಳಗಿನ ಫ್ಲೋಟ್ (ತೇಲುವ ಬುರುಡೆ) ಮುಳುಗಿದೆ ಅಂತ ಬಿಚ್ಚುತ್ತಾರೆ. ಫ್ಲೋಟ್ ಮುಳುಗುವ ಕಾಯಿಲೆ ಬೇರೆ ಇದೆ, ನಿಜ. ಆದರೆ ಅದರಲ್ಲಿ ಪೆಟ್ರೋಲ್ ಜಾಸ್ತಿಯಾಗಿ ಉಕ್ಕುತ್ತೆ, ಕಮ್ಮಿಯಾಗುವುದಿಲ್ಲ.

ಅದಕ್ಕೇ ಬಿಸಿ ಪರೀಕ್ಷೆ. ಪಂಪಿನ ಮೈಗೆ ಮತ್ತು ಹೋಸ್‌ಗೆ ಸಣ್ಣ ಸ್ಟಿಕರ್ ಅಂಟಿಸುತ್ತೇವೆ. ಅದರಲ್ಲಿ ಸಾಲಾಗಿ ಬಿಳಿ ಚೌಕಗಳಿವೆ, ಒಂದೊಂದಕ್ಕೂ ಒಂದು ಡಿಗ್ರಿ ಬರೆದಿದೆ. ಆ ಕಾವು ಮುಟ್ಟಿದರೆ ಚೌಕ ಕಪ್ಪಾಗುತ್ತೆ, ತಣ್ಣಗಾದರೂ ಮತ್ತೆ ಬಿಳಿಯಾಗುವುದಿಲ್ಲ. ನಿಮ್ಮ ಎದುರಿಗೇ ತೆಗೆದು ಲಾಗ್‌ಬುಕ್‌ಗೆ ಅಂಟಿಸಿ ಕೊಡುತ್ತೇವೆ. ಪ್ರೆಷರ್ ಗೇಜ್ ಜೊತೆಗೆ, ನೆಲದ ಮೇಲಿನ ಪರೀಕ್ಷೆಗೆ ಮಾತ್ರ, ರಿಟರ್ನ್ ಲೈನ್‌ನಲ್ಲಿ ಒಂದು ಗೇಣು ಪಾರದರ್ಶಕ ಟ್ಯೂಬ್ ಸೇರಿಸುತ್ತೇವೆ. ಮಧ್ಯಾಹ್ನದ ಬಿಸಿಲಲ್ಲಿ ಎಂಜಿನ್ ಚೆನ್ನಾಗಿ ಕಾಯಿಸಿ, ಆಫ್ ಮಾಡಿ, ಕೌಲಿಂಗ್ ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಮತ್ತೆ ಸ್ಟಾರ್ಟ್ ಮಾಡಿ ಫುಲ್ ಥ್ರಾಟಲ್. ಆಗ ಆ ಟ್ಯೂಬಿನಲ್ಲಿ ಮೊದಲು ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಬರುತ್ತವೆ. ಆಮೇಲೆ ಬೆರಳುದ್ದದ ಖಾಲಿ ತುಂಡುಗಳೇ ಹಾದುಹೋಗುತ್ತವೆ. ಅದೇ ಹೊತ್ತಿಗೆ ಮುಳ್ಳು 0.15ರ ಕೆಳಗೆ ಬೀಳುತ್ತೆ. ಮೋಡ ಕವಿದ ದಿನ ಈ ಪರೀಕ್ಷೆ ಮಾಡುವುದಿಲ್ಲ. ಒಂದು ದಿನ ಲೇಟಾಯಿತು ಅಂತ ಬೈಯುವವರು ದಯವಿಟ್ಟು ಆಕಾಶಕ್ಕೂ ಸ್ವಲ್ಪ ಬೈಯಿರಿ.

"ಇಷ್ಟು ವರ್ಷ ಇಲ್ಲದ್ದು ಈಗ ಎಲ್ಲಿಂದ ಬಂತು?" ಅನ್ನುವವರಿಗೆ: ಬಂಕಿನ ಪೆಟ್ರೋಲ್ ಬದಲಾಗಿದೆ. ಶೇ. 20 ಎಥನಾಲ್ ಬೆರೆಸಿದ ಇ20 ಬಿಡುಗಡೆ ಆಗಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು. 912ಕ್ಕೆ ರೋಟ್ಯಾಕ್ಸ್ ಒಪ್ಪಿರುವುದು ಶೇ. 10 ಎಥನಾಲ್ ತನಕ. ಆಕ್ಟೇನ್ ಸಾಕಷ್ಟಿದೆಯಲ್ಲ ಅಂತ ವಾದ ಮಾಡಬೇಡಿ. ಆಕ್ಟೇನ್ ಬೇರೆ, ಆವಿಯಾಗುವ ಗುಣ ಬೇರೆ. ಹಾಗಂತ ಎಲ್ಲಾ ತಪ್ಪನ್ನೂ ಎಥನಾಲ್ ತಲೆಗೆ ಕಟ್ಟುವುದೂ ಸರಿಯಲ್ಲ. ಎಥನಾಲ್ ಇಲ್ಲದ ಬಂಕಿನ ಪೆಟ್ರೋಲೂ, ವಿಮಾನಕ್ಕೆಂದೇ ಮಾಡುವ ಪೆಟ್ರೋಲ್ ಆದ ಏವ್‌ಗ್ಯಾಸ್‌ಗಿಂತ ಬೇಗ ಆವಿಯಾಗುತ್ತೆ. 37.8 ಡಿಗ್ರಿಯಲ್ಲಿ ಏವ್‌ಗ್ಯಾಸ್‌ನ ಆವಿಯ ಒತ್ತಡ 38ರಿಂದ 49 ಕಿಲೋಪಾಸ್ಕಲ್ ಒಳಗಿರಬೇಕು. ಬಿಎಸ್-6 ಪೆಟ್ರೋಲಿಗೆ 60ರ ತನಕ ಅವಕಾಶ ಇದೆ. ಮೇಲಾಗಿ ಬೆಂಗಳೂರು ಇರುವುದು ಸುಮಾರು 3,000 ಅಡಿ ಎತ್ತರದಲ್ಲಿ. ಸಮುದ್ರಮಟ್ಟಕ್ಕಿಂತ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಕಮ್ಮಿ. ಹಾರುವ ಮೊದಲೇ ನಾವು ಅಷ್ಟು ಕಳೆದುಕೊಂಡಿರುತ್ತೇವೆ.

ಅರ್ಧ ಏವ್‌ಗ್ಯಾಸ್, ಅರ್ಧ ಇ20 ಬೆರೆಸಿದರೆ ಆಗಲ್ವಾ ಅಂತ ಕೆಲವರು ಜಾಣತನ ತೋರಿಸಿದ್ದಾರೆ. ಎಥನಾಲ್ ಶೇ. 10ಕ್ಕೆ ಇಳಿಯುತ್ತೆ, ಆ ಮಟ್ಟಿಗೆ ಹೋಸ್ ಮತ್ತು ಸೀಲ್‌ಗಳಿಗೆ ಒಳ್ಳೆಯದು. ಆದರೆ ಎಥನಾಲ್ ಆವಿಯ ಒತ್ತಡವನ್ನು ಜಾಸ್ತಿ ಏರಿಸುವುದೇ ಶೇ. 10ರ ಆಸುಪಾಸಿನಲ್ಲಿ. ವೇಪರ್ ಲಾಕ್‌ಗೆ ಅದನ್ನು ಮದ್ದು ಅಂದುಕೊಳ್ಳಬೇಡಿ. ಅದಕ್ಕೇ ಇನ್ನು ಮುಂದೆ ನಮ್ಮ ಶೆಡ್‌ನಲ್ಲಿ ಸರ್ವೀಸ್ ಆದ ವಿಮಾನಕ್ಕೆ ನಾವು ತುಂಬಿಸುವುದು ಏವ್‌ಗ್ಯಾಸ್ ಮಾತ್ರ. ದುಬಾರಿ, ಗೊತ್ತು. 2022ರಿಂದ ಇಂಡಿಯನ್ ಆಯಿಲ್ ವಡೋದರಾದಲ್ಲಿ ಏವ್‌ಗ್ಯಾಸ್ ತಯಾರಿಸುತ್ತಿದೆ, ಹಿಂದೆ ಪೂರ್ತಿ ಆಮದು. ಆದರೂ ನಮ್ಮಂಥ ಸಣ್ಣವರು ಬ್ಯಾರಲ್ ಲೆಕ್ಕದಲ್ಲಿ ತರಿಸಿ, ಇಟ್ಟುಕೊಂಡು, ಲೀಟರ್ ಲೆಕ್ಕದಲ್ಲಿ ಕೊಡಬೇಕು. ಅದರಲ್ಲಿ ಸೀಸ ಇದೆ ಅನ್ನುವುದೂ ಮರೆಯಬೇಡಿ. ಹೆಚ್ಚು ಏವ್‌ಗ್ಯಾಸ್‌ನಲ್ಲೇ ಹಾರುವವರು 25 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕು. ಹೌದು, ಅದೂ ಖರ್ಚೇ.

ರಿಟರ್ನ್ ಲೈನ್‌ನಿಂದ ಏನು ಲಾಭ ಅಂತಲೂ ಹೇಳಿಬಿಡುತ್ತೇನೆ. ಎರಡು ಕಾರ್ಬೊರೇಟರ್‌ಗೆ ಕವಲೊಡೆಯುವ ಜಾಗದಿಂದ ಒಂದು ಸಣ್ಣ ಲೈನ್ ವಾಪಸ್ ಟ್ಯಾಂಕಿಗೆ ಹೋಗುತ್ತೆ. ಅದರ ಬಾಯಲ್ಲಿ 0.35 ಮಿಲಿಮೀಟರ್ ತೂತಿನ ಜೆಟ್. ಎದ್ದ ಗುಳ್ಳೆ ಅಲ್ಲಿಂದ ಜಾರಿಕೊಳ್ಳುತ್ತೆ, ಐಡಲ್‌ನಲ್ಲೂ ಪೆಟ್ರೋಲ್ ಓಡಾಡುತ್ತಿರುತ್ತೆ. ಎತ್ತರದ ರೆಕ್ಕೆಯಲ್ಲಿ ಟ್ಯಾಂಕ್ ಇರುವವರಿಗೆ ಪೆಟ್ರೋಲ್ ತಾನಾಗಿ ಇಳಿದು ಬರುವುದರಿಂದ ಅರ್ಧ ಕಷ್ಟ ಕಮ್ಮಿ, ಅವರ ಬಿಲ್ಲೂ ಕಮ್ಮಿ. ಕೆಳ ರೆಕ್ಕೆಯವರಿಗೆ ಪಂಪ್ ಸರಿಸುವ ಕೆಲಸ ಇದ್ದೇ ಇರುತ್ತೆ. 912 ಐಎಸ್ ಎಂಜಿನ್ ಇರುವವರು ಆರಾಮಾಗಿರಿ, ನಿಮ್ಮದು ಸುಮಾರು 3 ಬಾರ್ ಒತ್ತಡದ ಇಂಜೆಕ್ಷನ್. ಈ ಪತ್ರದ ಬಹುಪಾಲು ನಿಮಗಲ್ಲ.

ನಮ್ಮ ಕೆಲಸದ ಬಗ್ಗೆ ನಾವೇ ಹೊಗಳಿಕೊಳ್ಳಬಾರದು. ಆದರೂ ಒಂದು ಮಾತು. ಈ ಕೆಲಸ ಮುಗಿಸಿಕೊಂಡು ಹೋದವರು ಯಾರೂ ಅದೇ ದೂರಿನೊಂದಿಗೆ ವಾಪಸ್ ಬಂದಿಲ್ಲ. ದುಡ್ಡಿಗೋಸ್ಕರ ಯಾರ ವಿಮಾನವನ್ನೂ ನಾವು ಹಿಡಿದಿಟ್ಟುಕೊಳ್ಳುವುದಿಲ್ಲ. ಒಟ್ಟಿಗೆ ಕೊಡಲು ಆಗದಿದ್ದರೆ ಎರಡು ಮೂರು ಕಂತಿನಲ್ಲಿ ಕೊಡಿ, ಬಾಯಿ ಬಿಟ್ಟು ಹೇಳಿದರೆ ಸಾಕು. ಬಿಚ್ಚಿದ ಹಳೇ ಹೋಸ್ ಕವರಿನಲ್ಲಿ ಹಾಕಿ ನಿಮ್ಮ ಕೈಗೇ ಕೊಡುತ್ತೇವೆ, ಮನೆಗೆ ಹೋಗಿ ಕುಯ್ದು ಒಳಗೆ ನೋಡಿ. ನಿಮ್ಮದೇ ವಿನ್ಯಾಸ ಇದ್ದರೆ ತನ್ನಿ, ಕೂತು ಮಾತಾಡೋಣ. ಬಿಸಿ ಪರೀಕ್ಷೆಯಲ್ಲಿ ಮುಳ್ಳು ನಡುಗದೆ ನಿಂತರೆ ನಮ್ಮ ತಕರಾರು ಇಲ್ಲ.

ನಿಮ್ಮ ಸರದಿ ಬರುವ ತನಕ ಇಷ್ಟು ಮಾಡಿ. ಇಳಿದ ಮೇಲೆ ಮೂತಿ ಗಾಳಿಗೆ ತಿರುಗಿಸಿ ನಿಲ್ಲಿಸಿ, ಎಣ್ಣೆ ನೋಡುವ ಸಣ್ಣ ಬಾಗಿಲು ತೆಗೆದಿಡಿ. ಮತ್ತೆ ಹೊರಡುವ ಮುಂಚೆ ಎಲೆಕ್ಟ್ರಿಕ್ ಪಂಪ್ ಒಂದು ನಿಮಿಷ ಓಡಲಿ. ರನ್‌ವೇ ತುದಿಯಲ್ಲಿ ಬ್ರೇಕ್ ಹಿಡಿದು ಫುಲ್ ಥ್ರಾಟಲ್ ಕೊಟ್ಟು ಪ್ರೆಷರ್ ಗೇಜ್ ನೋಡಿ. ಮುಳ್ಳು ನಡುಗಿದರೆ ಹೊರಡಬೇಡಿ, ವಾಪಸ್ ತನ್ನಿ. ಹೋಸ್‌ಗೆ ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸಿಕೊಂಡು ಬಂದವರಿಗೆ: ಮನೆಯವರ ಕ್ಲಿಪ್ ಮನೆಯವರಿಗೇ ವಾಪಸ್ ಕೊಡಿ, ಅದರಿಂದ ಏನೂ ಆಗುವುದಿಲ್ಲ.

ಮಾರ್ಚ್ ಒಳಗೆ ಬರುವವರು ಈಗಲೇ ಫೋನ್ ಮಾಡಿ ದಿನ ಹಿಡಿದುಕೊಳ್ಳಿ. ಬರುವಾಗ ಲಾಗ್‌ಬುಕ್ ಮತ್ತು ಕಿಟ್‌ನ ಇಂಧನ ಲೈನ್ ನಕ್ಷೆ ತನ್ನಿ. ನಕ್ಷೆ ಕಳೆದುಹೋಗಿದ್ದರೆ ಕೌಲಿಂಗ್ ತೆಗೆದು ಎರಡೂ ಕಡೆಯಿಂದ ಫೋಟೋ ಹೊಡೆದು ಮುಂಚೆಯೇ ಕಳಿಸಿ, ಬೇಕಾದ ಉದ್ದದ ಹೋಸ್ ತರಿಸಿಡುತ್ತೇವೆ.

ಇಂತಿ ನಿಮ್ಮ,
ವರ್ಕ್‌ಶಾಪ್ ಬಳಗ